ಕೆರೆ ಹಣ್ಣಾದದ್ದು

ಹೊನ್ನಗೆರೆಯ ರಾಜ ಕೆಂಪರಾಯನಿಗೆ ಜೂಜಿನ ಹುಚ್ಚು. ನೆರೆರಾಜನ ಜೊತೆ ಚೌಕಾಬಾರ ಆಡಿ ಮೊದಲು ಊರಿನ ಹುಂಜಗಳನ್ನೆಲ್ಲ ಸೋತ. ಅಂದಿನಿಂದ ಬೆಳಗಾಯಿತು ಅಂತ ಸೇನಾಪತಿಯೇ ಗೋಪುರ ಹತ್ತಿ ಕೂಗಬೇಕಾಯಿತು. ಆಮೇಲೆ ಅರಮನೆಯ ಮೆಟ್ಟಿಲು ಸೋತ. ರಾಣಿ ಮಾಳಿಗೆಯಲ್ಲೇ ಉಳಿದಳು. ಊಟ ಹಗ್ಗದಲ್ಲಿ ಮೇಲಕ್ಕೆ ಹೋಗುತ್ತಿತ್ತು, ಬೈಗುಳ ಕೆಳಕ್ಕೆ ಬರುತ್ತಿತ್ತು. ಕಡೆಗೆ ರಾಜನ ಬಲಗಡೆಯ ಮೀಸೆಯೂ ಹೋಯಿತು.

ಒಂದು ಬೆಳಗ್ಗೆ ಆಸ್ಥಾನದ ವಿದೂಷಕ ಬೊಪ್ಪಣ್ಣನಿಗೆ ಕರೆ ಬಂತು.

“ನಾಳೆ ಕೆರೆ ಒತ್ತೆ ಇಡ್ತೀನಿ,” ಅಂದ ರಾಜ. “ಸೋತದ್ದೆಲ್ಲ ವಾಪಸ್ಸು ಗೆಲ್ತೀನಿ. ನನ್ನ ಕವಡೆಗಳೂ ಹೋಗಿವೆ. ನಿನ್ನ ಹತ್ತಿರ ಇವೆಯಂತೆ. ತೆಗಿ.”

ಬೊಪ್ಪಣ್ಣ ಸೊಂಟದ ಗಂಟು ಮುಟ್ಟಿ ನೋಡಿಕೊಂಡ. ಕವಡೆ ಹೆಂಡತಿ ಸಾತವ್ವನದು. ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

“ಬುದ್ಧಿ, ಊರಿಗೆ ಇರೋದು ಅದೊಂದೇ ಕೆರೆ. ಹೋದರೆ ಜನ ಏನು ಕುಡೀಬೇಕು?”

“ಅಪಶಕುನ ನುಡೀಬೇಡ! ಜೂಜು ಮನುಷ್ಯನಷ್ಟೇ ಹಳೇದು ಕಣೋ. ಯುಗಯುಗದಿಂದ ಆಡ್ಕೊಂಡು ಬಂದಿದಾರೆ. ಎಲ್ಲಿ, ಅದರ ಚರಿತ್ರೆ ಹೇಳು. ಆಡಿ ಕೆಟ್ಟವನು ಒಬ್ಬನಾದರೂ ಇದ್ದರೆ ಕವಡೆ ಕೇಳಲ್ಲ.”

“ಮೊದಲನೇ ಯುಗದಲ್ಲಿ ಮನುಷ್ಯನಿಗೆ ಬಾಲ ಇತ್ತು, ಬುದ್ಧಿ.”

“ಇತ್ತೇ?”

“ಉದ್ದಕ್ಕಿತ್ತು. ಕೋತಿ ಜೊತೆ ಜಿಂಕೆ ಮೂಳೆ ಉರುಳಿಸಿ ಆಡಿದ. ಬಾಲ ಒತ್ತೆ ಇಟ್ಟ. ಈಗ ಅದು ಯಾರ ಹತ್ತಿರ ಇದೆ ನೋಡಿ.”

ರಾಜನ ಕೈ ತಾನಾಗಿ ಹಿಂದಕ್ಕೆ ಹೋಗಿ ತಡವಿ ನೋಡಿತು.

“ಎರಡನೇ ಯುಗದಲ್ಲಿ ಮೈತುಂಬ ತುಪ್ಪಳ ಇತ್ತು. ಕರಡಿ ಜೊತೆ ಕೂತ. ಅದಕ್ಕೇ ಕರಡಿ ಬೆಚ್ಚಗಿದೆ, ನಾವು ಕಂಬಳಿ ಕೊಳ್ತೀವಿ. ಮೂರನೇ ಯುಗದಲ್ಲಿ ದಾಳ ಬಂತು, ಹಿಂದೆಯೇ ರಾಜರು ಬಂದರು. ಒಬ್ಬ ಆನೆ ಸೋತ, ಕುದುರೆ ಸೋತ, ಕಡೆಗೆ ತನ್ನ ಹೆಸರನ್ನೇ ಸೋತ. ಊಟಕ್ಕೆ ಏನಂತ ಕೂಗೋದು ತಿಳೀದೆ ಯಾರೂ ಕರೀಲಿಲ್ಲ. ಉಪವಾಸ ಸತ್ತ.”

“ಅಯ್ಯೋ ಪಾಪ. ಏನವನ ಹೆಸರು?”

“ಸೋತನಲ್ಲ, ಬುದ್ಧಿ.”

“ಹೌದಲ್ಲ. ನಾಲ್ಕನೇ ಯುಗದಲ್ಲಿ?”

“ಹುಂಜ, ಮೆಟ್ಟಿಲು, ಅರ್ಧ ಮೀಸೆ.”

ರಾಜನ ಮುಖ ಕೆಂಪಾಯಿತು. “ಅವರಿಗೆಲ್ಲ ಹುಚ್ಚು ಹಿಡಿದಿತ್ತು! ನನಗೇನು ಹುಚ್ಚೇ? ಬಿಡಬೇಕು ಅಂದರೆ ಈ ಗಳಿಗೆ ಬಿಟ್ಟೇನು!”

ಬೊಪ್ಪಣ್ಣ ಕಾದಿದ್ದದ್ದು ಈ ಮಾತಿಗೇ.

“ಬಿಡಲಾರಿರಿ. ಯಾರಾದರೂ ಪಣ ಅಂದರೆ ‘ಒಲ್ಲೆ’ ಅನ್ನೋಕೆ ನಿಮ್ಮ ಕೈಲಿ ಆಗಲ್ಲ.”

“ಆಗುತ್ತೆ!”

“ಆಗಲ್ಲ. ಪಣ ಕಟ್ತೀರಾ? ನಾನು ಸೋತರೆ ಈ ಕವಡೆ. ನೀವು ಸೋತರೆ ಕೆರೆ.”

“ಕಟ್ಟಿದೆ!” ರಾಜ ಸಿಂಹಾಸನ ಗುದ್ದಿದ.

“ಸೋತಿರಿ.”

ರಾಜ ಒಂದು ಸಲ ಹೀಗೆ ಯೋಚಿಸಿದ, ಒಂದು ಸಲ ಹಾಗೆ ಯೋಚಿಸಿದ. ಅವನಿಗೆ ಹೊಳೆಯುವ ಮೊದಲೇ ಮಾಳಿಗೆಯಿಂದ ರಾಣಿಯ ನಗು ಕೇಳಿಸಿತು.

“ಇನ್ನೊಂದು ಆಟ!” ಅಂದ ರಾಜ.

“ಹೇಗಾಗುತ್ತೆ, ಬುದ್ಧಿ? ಚೌಕಾಬಾರದಲ್ಲಿ ಕಾಯಿ ನಡುಮನೆ ಸೇರಿದರೆ ಹಣ್ಣು. ಹಣ್ಣಾದದ್ದು ಮತ್ತೆ ಆಟಕ್ಕೆ ಬರಲ್ಲ. ಕೆರೆ ಹಣ್ಣಾಯಿತು. ಅದು ಇನ್ನು ಊರಿನವರದು.”

ರಾಜ ನಕ್ಕುಬಿಟ್ಟ. ಉಳಿದ ಮೀಸೆ ಒಂದೇ ಕಡೆ ಕುಣಿಯಿತು.

“ಯಾರೋ ನಿನಗೆ ಇದನ್ನ ಕಲಿಸಿದ್ದು?”

“ಸಾತವ್ವ. ಒಂದು ದಿನವೂ ನನ್ನನ್ನ ಗೆಲ್ಲೋಕೆ ಬಿಡಲಿಲ್ಲ.”

“ಏನು ಒತ್ತೆ ಇಡ್ತಿದ್ರಿ?”

“ಸೋತವರು ಕೆರೆಯಿಂದ ನೀರು ತರಬೇಕು. ದಿನಾ ನಾನೇ ತರ್ತಿದ್ದೆ.” ಸೊಂಟದ ಗಂಟು ಬಿಗಿ ಮಾಡಿಕೊಳ್ಳುತ್ತ ಅಂದ, “ಈಗ ಒಂದು ಬಿಂದಿಗೆ ಸಾಕಾಗುತ್ತೆ.”

ರಾಜ ನಗು ನಿಲ್ಲಿಸಿದ. “ಬಹುಮಾನ ಕೇಳು, ಬೊಪ್ಪಣ್ಣ.”

“ಬಹುಮಾನ ಯಾಕೆ, ಬುದ್ಧಿ? ಇವತ್ತು ಸೋತವರು ನೀವಲ್ಲವೇ? ಬಿಂದಿಗೆ ನಮ್ಮನೆ ಜಗಲಿ ಮೇಲಿದೆ. ಬೇಗ ಹೊರಡಿ, ಬಿಸಿಲೇರುತ್ತೆ.”