ಗೊರವಂಕದ ಚಿತ್ರದೆಲೆಗಳು

ರಾಜನಿಲ್ಲದ ಒಂದು ಕಾಡಿನಲ್ಲಿ ಮರಮರಕ್ಕೂ ಬೇರೆ ಬೇರೆ ಹಕ್ಕಿಕೂಟಗಳಿದ್ದವು. ಸುದ್ದಿಯನ್ನು ಮಾತ್ರ ಅವು ಮರದಿಂದ ಮರಕ್ಕೆ ಕೂಗಿ ದಾಟಿಸುತ್ತಿದ್ದವು. ಅಲ್ಲಿನ ಗೊರವಂಕವೊಂದು ವಿಷದ ಹಣ್ಣುಗಳ ಚಿತ್ರವನ್ನು ಎಲೆಗಳ ಮೇಲೆ ಕೊರೆದು ಮರಿಗಳಿಗೆ ತೋರಿಸುತ್ತಿತ್ತು. ಮಾತಾದರೆ ಗಾಳಿಯಲ್ಲಿ ಹೋಗುತ್ತದೆ, ಚಿತ್ರಕ್ಕೆ ಜಾಗ ಬೇಕು. ಎಲೆಗಳು ಹೆಚ್ಚಿ ಗೂಡಿನಲ್ಲಿ ಕಾಲಿಡಲು ಸ್ಥಳವಿಲ್ಲದಾಯಿತು.

ಅಲ್ಲೇ ಗವಿಯಲ್ಲಿದ್ದ ಉಡವೊಂದು ಅದನ್ನು ಕರೆದು ಹೇಳಿತು: "ನನ್ನ ಗವಿ ದೊಡ್ಡದು. ಎಲ್ಲವನ್ನೂ ಇಲ್ಲೇ ಇಡು. ನೋಡಬೇಕಾದವರು ನನ್ನನ್ನು ಕೇಳಿ ಒಳಗೆ ಬರಲಿ."

"ನಾಳೆ ನನಗೆ ವಾಪಸ್ ಬೇಕಾದರೆ?"

"ಇಂಥ ಗವಿಯಿಂದ ಯಾರಾದರೂ ಹೊರಗೆ ಒಯ್ಯುತ್ತಾರೆಯೇ?"

ಆ ಉತ್ತರ ಗೊರವಂಕಕ್ಕೆ ಹಿಡಿಸಲಿಲ್ಲ. ಅದು ಮರಕುಟಿಗನ ಬಳಿ ಹೋಯಿತು.

"ನಾನು ಕೊರೆಯುವ ಪೊಟರೆ ಚಿಕ್ಕದು," ಎಂದಿತು ಮರಕುಟಿಗ. "ಆದರೆ ಮರಕ್ಕೊಂದು ಕೊರೆದುಕೊಡುತ್ತೇನೆ. ಒಂದೇ ಚಿತ್ರವನ್ನು ನಾಲ್ಕಾರು ಕಡೆ ಇಡಬೇಕು, ಆ ಶ್ರಮ ನಿನ್ನದು. ಬಾಗಿಲಿಗೆ ಅಗುಳಿಯಿಲ್ಲ."

ಗೊರವಂಕ ಒಪ್ಪಿ, ಕೊಕ್ಕು ಸವೆಯುವಷ್ಟು ಚಿತ್ರ ಕೊರೆದು ಮರಮರದ ಪೊಟರೆಗಳಲ್ಲಿ ಇಟ್ಟಿತು.

ಮಳೆಗಾಲ ಬಂತು. ಉಡ ಗವಿಯ ಬಾಯಿಗೆ ಮಣ್ಣು ಮೆತ್ತಿ ಒಳಗೇ ಮಲಗಿತು. ಹೊರಗಿನಿಂದ ಕರೆದವರಿಗೆ ಓಗೊಡಲಿಲ್ಲ. ಇತ್ತ ಬಿರುಗಾಳಿಗೆ ಗೊರವಂಕದ ಮರವೂ ಉರುಳಿತು. ವಿಷದ ಹಣ್ಣು ಕೆಂಪಗೆ ಮಾಗುವ ಹೊತ್ತಿಗೇ ಹೀಗಾಯಿತಲ್ಲ ಎಂದು ಅದು ಕಂಗಾಲಾಗಿ ಹಳ್ಳದಾಚೆಯ ಮರಕ್ಕೆ ಹಾರಿತು.

ಅಲ್ಲಿ ಪಿಕಳಾರವೊಂದು ಪೊಟರೆಯಿಂದ ಎಲೆ ತೆಗೆದು ತನ್ನ ಮರಿಗೆ ತೋರಿಸುತ್ತಿತ್ತು: "ನೋಡು ಕಂದ, ಇದೇ ಆ ಹಣ್ಣು." ಮರಿ ಕೊಕ್ಕಿನಲ್ಲಿದ್ದುದನ್ನು ಥಟ್ಟನೆ ಉಗುಳಿತು.

ಗೊರವಂಕಕ್ಕೆ ಹೋದ ಜೀವ ಬಂದಂತಾಯಿತು.

"ನಿನ್ನ ಮರ ಬಿತ್ತಂತಲ್ಲ ಅಕ್ಕ," ಎಂದಿತು ಪಿಕಳಾರ. "ಚಿತ್ರಗಳನ್ನು ಒಯ್ಯಲು ಬಂದೆಯಾ?"

"ಅವು ಇಲ್ಲೇ ಇರಲಿ ತಂಗಿ. ನನಗೊಂದು ಕೊಂಬೆ ಕೊಟ್ಟರೆ ಸಾಕು, ಸ್ವಲ್ಪ ನಿದ್ದೆ ಮಾಡುತ್ತೇನೆ."