ಸದ್ದಿಲ್ಲದ ಲಾರಿ ಕೊಂಡ ಸುರುಳಪ್ಪ

ಮರ ಕಡಿಮೆ, ಮುಳ್ಳುಪೊದೆ ಹೆಚ್ಚು, ಬಿಸಿಲಂತೂ ಕೇಳಲೇಬೇಡಿ. ಅಂಥ ಒಂದು ಕುರುಚಲು ಕಾಡಿನಲ್ಲಿ ಸುರುಳಪ್ಪ ಎಂಬ ಚಿಪ್ಪುಹಂದಿ ಒಂಟಿಯಾಗಿ ವಾಸವಾಗಿದ್ದ.

ಚಿಪ್ಪುಹಂದಿಯನ್ನು ನೀವು ನೋಡಿದ್ದೀರಾ, ಮಕ್ಕಳೇ? ಮೈ ತುಂಬ ಗಟ್ಟಿ ಚಿಪ್ಪು. ಹೆದರಿಕೆಯಾದರೆ ಚೆಂಡಿನ ಹಾಗೆ ಸುತ್ತಿಕೊಂಡುಬಿಡುತ್ತದೆ. ನಮ್ಮ ಸುರುಳಪ್ಪ ಹುಲಿಗೆ ಹೆದರಿ ಸುತ್ತಿಕೊಂಡದ್ದು ಕಡಿಮೆ. ಯಾರಾದರೂ "ಊಟ ಆಯ್ತಾ?" ಅಂತ ಕೇಳಿದರೆ ಸಾಕು, ಸಂಕೋಚದಿಂದ ಸುತ್ತಿಕೊಂಡುಬಿಡುತ್ತಿದ್ದ. ಚೆಂಡಿನ ಜೊತೆ ಯಾರು ಎಷ್ಟು ಹೊತ್ತು ಮಾತಾಡುತ್ತಾರೆ ಹೇಳಿ?

ಅವನ ಕಸುಬು ಉಪ್ಪು ಸಾಗಿಸುವುದು. ಗುಡ್ಡದ ಆಚೆಯ ಉಪ್ಪಿನ ಹಳ್ಳದಿಂದ ಉಪ್ಪು ತುಂಬಿಕೊಂಡು, ದಿನವೂ ಇಳಿಜಾರು ದಾರಿಯಲ್ಲಿ ಕಾಡಿಗೆ ತರುತ್ತಿದ್ದ. ಅದಕ್ಕೆ ಅವನ ಹತ್ತಿರ ಹಳೆಯ ಡೀಸೆಲ್ ಲಾರಿಯೊಂದಿತ್ತು. ಅದರ ಸದ್ದನ್ನು ಏನು ಹೇಳಲಿ! ಗುಡ್ಡದ ತಲೆಯಲ್ಲಿ 'ಗಡಗಡಗಡ' ಎಂದರೆ ಕಾಡಿನ ಕಪ್ಪೆಗಳೂ ವಟಗುಟ್ಟುವುದನ್ನು ನಿಲ್ಲಿಸುತ್ತಿದ್ದವು.

ಸದ್ದು ಕೇಳಿದ ಕೂಡಲೇ ಕಾಡಿನವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು, ಸೋರೆಬುರುಡೆ ಹಿಡಿದು ದಾರಿಯ ಪಕ್ಕ ಬಂದು ನಿಲ್ಲುತ್ತಿದ್ದರು. ಸುರುಳಪ್ಪ ಲಾರಿ ನಿಲ್ಲಿಸಿ, ತಲೆ ತಗ್ಗಿಸಿಕೊಂಡೇ ಉಪ್ಪು ಅಳೆದು ಹಾಕುತ್ತಿದ್ದ. ಅವರು ತಂದ ಹಣ್ಣು ಹಂಪಲು ತೆಗೆದುಕೊಳ್ಳುತ್ತಿದ್ದ.

"ಬಂದೆಯಾ ಸುರುಳಪ್ಪ?" ಎಂದು ನಕ್ಷತ್ರ ಆಮೆ ಚುಕ್ಕವ್ವ ದಿನವೂ ಕೇಳುತ್ತಿದ್ದಳು.

"ಹೂಂ," ಎನ್ನುತ್ತಿದ್ದ ಸುರುಳಪ್ಪ.

ದಿನಕ್ಕೆ ಅವನು ಆಡುತ್ತಿದ್ದ ಮಾತು ಅಷ್ಟೇ. ಮನೆಗೆ ಹೋಗಿ ಬಿಲದಲ್ಲಿ ಮಲಗಿದಾಗ ಆ ಒಂದು ಪ್ರಶ್ನೆಯನ್ನೇ ನೆನೆಸಿಕೊಳ್ಳುತ್ತಿದ್ದ. ಇನ್ನೂ ನಾಲ್ಕು ಮಾತು ಆಡಬಾರದಿತ್ತೇ ಅವರು ಎಂದು ಆಸೆಪಡುತ್ತಿದ್ದ. ತಾನೇ ನಾಲ್ಕು ಮಾತು ಆಡಬಹುದಿತ್ತು ಎಂದು ಮಾತ್ರ ಅವನಿಗೆ ಹೊಳೆಯಲೇ ಇಲ್ಲ.

ಒಂದು ದಿನ ಮೊಲದ ನಿಂಗಿ ಉಪ್ಪು ಹಾಕಿಸಿಕೊಳ್ಳುತ್ತಾ, "ಅಬ್ಬಾ, ಏನು ಸದ್ದಪ್ಪಾ ನಿನ್ನ ಲಾರಿದು! ನನ್ನ ಕಿವಿ ಮೊದಲೇ ಉದ್ದ, ಇನ್ನು ಕಿತ್ತು ಕೈಗೆ ಬರುತ್ತೆ," ಎಂದು ನಕ್ಕಳು.

ಅವಳು ಅಂದದ್ದು ತಮಾಷೆಗೆ. ಆದರೆ ಸುರುಳಪ್ಪನಿಗೆ ಅದು ಚುಚ್ಚಿಬಿಟ್ಟಿತು. 'ಓಹೋ, ಇದಕ್ಕೇ ಯಾರೂ ನನ್ನ ಹತ್ತಿರ ನಿಲ್ಲುವುದಿಲ್ಲ. ಈ ಸದ್ದು ಹೋದರೆ ಎಲ್ಲರೂ ನಿಂತು ಮಾತಾಡಿಸುತ್ತಾರೆ' ಎಂದು ಲೆಕ್ಕ ಹಾಕಿದ. ಮಾರನೆಯ ದಿನ ಬೆಳಗಾಗುತ್ತಲೇ ಆಲದ ಮರದ ಕೆಳಗಿನ ಲಾರಿ ಅಂಗಡಿಗೆ ಹೋದ.

ಅಂಗಡಿಯ ಯಜಮಾನ ಕೊಕ್ಕರೆ ನೀಲಯ್ಯ. ಅವನು ಹೊಸ ಕರೆಂಟ್ ಲಾರಿಯ ಮುಂದೆ ಒಂಟಿಕಾಲಲ್ಲಿ ನಿಂತಿದ್ದ. ಲಾರಿ ಬೆಳ್ಳಗೆ ಹೊಳೆಯುತ್ತಿತ್ತು. ನೆತ್ತಿಯ ಮೇಲೆ ಸೋಲಾರ್ ಹಲಗೆಯೂ ಇತ್ತು.

"ಬಿಸಿಲು ಕುಡಿದು ಓಡುತ್ತೆ," ಎಂದ ನೀಲಯ್ಯ. "ಹೊಗೆ ಇಲ್ಲ, ಸದ್ದಂತೂ ಇಲ್ಲವೇ ಇಲ್ಲ."

"ಸದ್ದೇ ಇಲ್ಲವಾ?"

"ಇರುವೆ ನಡೆದ ಹಾಗೆ ಹೋಗುತ್ತೆ. ಬೇಕಾದರೆ ಓಡಿಸಿ ನೋಡು. ನಾಳೆ ನಿನ್ನ ದಾರಿಯಲ್ಲೇ ಒಂದು ಸಲ ಹೋಗಿ ಬಾ, ಆಮೇಲೆ ತೀರ್ಮಾನ ಮಾಡು. ಆದರೆ ನಮ್ಮ ಅಂಗಡಿಯ ಪದ್ಧತಿ ಒಂದಿದೆ. ಓಡಿಸಿ ನೋಡುವವರ ಪಕ್ಕದಲ್ಲಿ ಇನ್ನೊಬ್ಬರು ಕೂತಿರಬೇಕು. ಓಡಿಸುವವರಿಗೆ ಕಾಣದ್ದು ಪಕ್ಕದವರಿಗೆ ಕಾಣುತ್ತೆ. ಯಾರನ್ನಾದರೂ ಕರೆದುಕೊಂಡು ಬಾ."

ಸುರುಳಪ್ಪ ಯೋಚನೆಗೆ ಬಿದ್ದ. ಯಾರನ್ನು ಕರೆಯಲಿ? ಚುಕ್ಕವ್ವನನ್ನು? ಅವಳ ಮನೆಯ ಮುಂದೆ ನಿಂತು 'ನನ್ನ ಜೊತೆ ಬರ್ತೀಯಾ' ಎಂದು ಕೇಳುವುದನ್ನು ನೆನೆಸಿಕೊಂಡೇ ಅವನ ಬೆನ್ನು ಬಾಗತೊಡಗಿತು. ಆಗಲ್ಲ ಅಂದುಬಿಟ್ಟರೆ?

"ನೀವೇ ಕೂತುಕೊಳ್ಳಬಹುದಲ್ಲ ಯಜಮಾನರೇ?" ಎಂದ ಮೆಲ್ಲಗೆ.

"ನನ್ನ ಕಾಲು ನೋಡಿದ್ದೀಯಾ? ಒಳಗೆಲ್ಲಿ ಹಿಡಿಸುತ್ತೆ?"

"ಹಾಗಾದರೆ ಓಡಿಸಿ ನೋಡುವುದೇನೂ ಬೇಡ ಬಿಡಿ. ಲಾರಿ ನನಗೇನು ಹೊಸದೇ? ಕೊಟ್ಟುಬಿಡಿ."

"ಆತುರ ಬೇಡ ಸುರುಳಪ್ಪ. ಕೊಂಡ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಒಬ್ಬರನ್ನು ಕರೆದುಕೊಂಡು ಬರೋದು ಎಷ್ಟು ಹೊತ್ತಿನ ಕೆಲಸ?"

ಸುರುಳಪ್ಪ ಸುತ್ತಿಕೊಂಡುಬಿಟ್ಟ. ನೀಲಯ್ಯ ಎರಡು ಸಲ ಕೊಕ್ಕಿನಿಂದ ಚಿಪ್ಪು ತಟ್ಟಿದ, ಒಳಗಿನಿಂದ "ಕೊಟ್ಟುಬಿಡಿ" ಎಂಬ ಮಾತು ಬಿಟ್ಟರೆ ಬೇರೇನೂ ಬರಲಿಲ್ಲ. ಕೊನೆಗೆ ಹಳೆಯ ಲಾರಿಯನ್ನು ಅಲ್ಲೇ ಬಿಟ್ಟು, ಮೇಲೆ ತಾನು ಕೂಡಿಟ್ಟ ಜೇನನ್ನೆಲ್ಲ ಕೊಟ್ಟು, ಹೊಸ ಲಾರಿ ಹತ್ತಿದ. ಹೋಗುವಾಗ ಹಳೆಯದರ ಕಡೆಗೆ ತಿರುಗಿಯೂ ನೋಡಲಿಲ್ಲ.

ಉಪ್ಪು ತುಂಬಿಕೊಂಡು ಗುಡ್ಡ ಇಳಿದ. ಅಬ್ಬಬ್ಬಾ, ಲಾರಿ ಬೆಣ್ಣೆಯ ಹಾಗೆ ಜಾರಿಕೊಂಡು ಹೋಯಿತು! ಮೊದಲ ಸಲ ಅವನಿಗೆ ದಾರಿಯ ಗಾಳಿಯ ಸದ್ದು ಕೇಳಿಸಿತು. 'ಇವತ್ತು ನೋಡಿ, ಎಲ್ಲರೂ ಹೇಗೆ ಸುತ್ತುಗಟ್ಟುತ್ತಾರೆ' ಎಂದು ಖುಷಿಪಟ್ಟ.

ದಾರಿಯ ಪಕ್ಕ ಯಾರೂ ಇರಲಿಲ್ಲ.

ನಿಧಾನ ಮಾಡಿದ. ನಿಂಗಿಯ ಪೊದೆಯ ಹತ್ತಿರ ನಿಂಗಿ ಇಲ್ಲ. ಬೇವಿನ ಮರದ ಬುಡದಲ್ಲಿ ಅಳಿಲುಗಳಿಲ್ಲ. ಇನ್ನೂ ಮುಂದೆ ಚುಕ್ಕವ್ವ ಕಂಡಳು. ಆದರೆ ಅವಳು ದಾರಿಗೆ ಬೆನ್ನು ಹಾಕಿಕೊಂಡು ಸೊಪ್ಪು ಮೆಲ್ಲುತ್ತಿದ್ದಳು. ತಿರುಗಿಯೂ ನೋಡಲಿಲ್ಲ. 'ಚುಕ್ಕವ್ವನಿಗೂ ನಾನು ಬೇಡವಾದೆ' ಎಂದುಕೊಂಡ ಸುರುಳಪ್ಪ.

ಹೊಸ ಲಾರಿಗೆ ಹಾರ್ನ್ ಇತ್ತು. ಅವನ ಉಗುರು ಅದರ ಮೇಲೆ ಹೋಗಿ ಕೂತಿತು. ಒತ್ತಿದರೆ 'ಬನ್ನಿ' ಎಂದು ಕರೆದ ಹಾಗೆ. ಕರೆದ ಮೇಲೂ ಯಾರೂ ಬರದಿದ್ದರೆ? ಉಗುರನ್ನು ಹಿಂದಕ್ಕೆ ತೆಗೆದುಕೊಂಡ. ಅಷ್ಟು ವರ್ಷ ಅವನ ಪರವಾಗಿ ಕೂಗಿ ಕರೆಯುತ್ತಿದ್ದದ್ದು ಹಳೆಯ ಲಾರಿ. ಅವನು ಬಾಯಿ ಬಿಡಬೇಕಾಗಿಯೇ ಬಂದಿರಲಿಲ್ಲ.

ತುಂಬಿದ ಲಾರಿ ತುಂಬಿದ ಹಾಗೆಯೇ ಮನೆಗೆ ಬಂತು. ಮಾರನೆಯ ದಿನವೂ ಹಾಗೆಯೇ ಆಯಿತು. ಅದರ ಮಾರನೆಯ ದಿನವೂ ಅಷ್ಟೇ. ಆಮೇಲೆ ಸುರುಳಪ್ಪ ಹೋಗುವುದನ್ನೇ ಬಿಟ್ಟ. ಬಿಲದ ಬಾಯಲ್ಲಿ ಕೂತು ಬಿಳಿ ಲಾರಿಯನ್ನು ನೋಡುತ್ತಿದ್ದ. "ಬಂದೆಯಾ ಸುರುಳಪ್ಪ?" ಎಂದು ತನಗೆ ತಾನೇ ಕೇಳಿಕೊಂಡು, "ಹೂಂ" ಅಂದು ನೋಡಿದ. ಅದರಿಂದ ಇನ್ನಷ್ಟು ಅಳು ಬಂತು.

ಹೀಗೆ ಕೂತಿರುವಾಗ ಒಂದು ಸಂಜೆ ಗುಡ್ಡದ ತಲೆಯಿಂದ 'ಗಡಗಡಗಡ' ಎಂದು ಕೇಳಿಸಿತು.

ಅವನದೇ ಹಳೆಯ ಲಾರಿ! ಸುರುಳಪ್ಪ ತಡೆಯಲಾರದೆ ದಾರಿಗೆ ಓಡಿದ. ಅಲ್ಲಿ ನೋಡಿದರೆ ಕಾಡಿಗೆ ಕಾಡೇ ಬಂದು ನಿಂತಿತ್ತು. ನಿಂಗಿ, ಅಳಿಲುಗಳು, ಮುಂಗುಸಿ, ಎಲ್ಲರ ಕೈಯಲ್ಲೂ ಬರಿದಾದ ಸೋರೆಬುರುಡೆ.

"ಸುರುಳಪ್ಪ ಬಂದ! ಅಂತೂ ಬಂದ!" ಎಂದು ನಿಂಗಿ ಕುಣಿಯುತ್ತಿದ್ದಳು.

ಲಾರಿ ಹತ್ತಿರ ಬಂತು. ಅದನ್ನು ನೀಲಯ್ಯನಿಂದ ಕೊಂಡು ಓಡಿಸುತ್ತಿದ್ದವನು ಒಬ್ಬ ಕಾಡುಹಂದಿ. ಹಿಂದೆ ಗೆಣಸಿನ ರಾಶಿ. ಅವನು ಯಾರನ್ನೂ ನೋಡದೆ ಧೂಳೆಬ್ಬಿಸಿಕೊಂಡು ಹೋಗಿಬಿಟ್ಟ.

"ಇವತ್ತೂ ಅವನು ಬರಲಿಲ್ಲ," ಎಂದಳು ಚುಕ್ಕವ್ವ. ಅವಳ ದನಿ ಸಣ್ಣದಾಗಿತ್ತು. "ಮೈಗೆ ಏನಾಗಿದೆಯೋ ಏನೋ. ಬಿಲ ಎಲ್ಲಿ ಅಂತಾದರೂ ಹೇಳಿದ್ದನೇ, ಹೋಗಿ ನೋಡಿಕೊಂಡು ಬರೋಣ ಅಂದರೆ!"

ಎಲ್ಲರೂ ತಲೆ ಅಲ್ಲಾಡಿಸುತ್ತಾ ಒಬ್ಬೊಬ್ಬರಾಗಿ ಹಿಂದಿರುಗಿದರು. ಚುಕ್ಕವ್ವ ಒಬ್ಬಳೇ ಉಳಿದಳು. ಹಿಂದಿನ ಪೊದೆಯ ಮರೆಯಲ್ಲಿ ನಿಂತಿದ್ದ ಸುರುಳಪ್ಪ ಬಾಯಿ ತೆರೆದ.

"ಇಲ್ಲೇ ಇದ್ದೀನಿ ಚುಕ್ಕವ್ವ."

ಅವಳು ಮೆಲ್ಲಗೆ ತಿರುಗಿದಳು. "ಅಯ್ಯೋ ಮಾರಾಯ! ಇಷ್ಟು ದಿನ ಎಲ್ಲಿ ಹೋಗಿದ್ದೆ?"

"ಇದೇ ದಾರೀಲಿ ಬಂದಿದ್ದೆ. ನೀನು ಬೆನ್ನು ಹಾಕಿಕೊಂಡು ಕೂತಿದ್ದೆ."

"ನಿನ್ನ ಸದ್ದು ಕೇಳಿದರೆ ತಾನೇ ತಿರುಗೋದು? ನನ್ನ ಬೆನ್ನಿಗೆ ಕಣ್ಣಿದೆಯಾ?"

ಸುರುಳಪ್ಪ ಹೊಸ ಲಾರಿಯ ಕತೆಯನ್ನೆಲ್ಲ ಹೇಳಿದ. ನಡುವೆ ಎರಡು ಸಲ ಸುತ್ತಿಕೊಂಡ. ಅವನು ಬಿಚ್ಚಿಕೊಳ್ಳುವ ತನಕ ಚುಕ್ಕವ್ವ ಕಾದಳು. ಕಾಯುವುದು ಆಮೆಗಳಿಗೆ ಕಷ್ಟವಲ್ಲ.

"ಓಡಿಸಿ ನೋಡೋಕೆ ಜೊತೆಗೆ ಒಬ್ಬರು ಬೇಕು ಅಂತ ನನ್ನನ್ನು ಒಂದು ಮಾತು ಕೇಳಿದ್ದರೆ ಬರುತ್ತಿರಲಿಲ್ಲವಾ? ಗುಡ್ಡ ಇಳಿಯುವಾಗಲೇ ಹೇಳುತ್ತಿದ್ದೆ, ಸುರುಳಪ್ಪ, ಸದ್ದೇ ಇಲ್ಲವಲ್ಲೋ, ನೀನು ಬಂದದ್ದು ಜನಕ್ಕೆ ಹೇಗೆ ಗೊತ್ತಾಗಬೇಕು ಅಂತ."

"ಬರಲ್ಲ ಅಂತೀಯೇನೋ ಅಂದುಕೊಂಡೆ."

"ನೀನು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಬರಲ್ಲ ಅಂದವರು ಯಾರು ಮತ್ತೆ?"



ಮಾರನೆಯ ದಿನ ಸುರುಳಪ್ಪ ಮತ್ತೆ ಉಪ್ಪು ತುಂಬಿಕೊಂಡು ಬಂದ. ಗುಡ್ಡದ ತಲೆಯಲ್ಲಿ ಲಾರಿ ನಿಲ್ಲಿಸಿ, ಕಣ್ಣು ಮುಚ್ಚಿ ಹಾರ್ನ್ ಒತ್ತಿದ. 'ಪೀಂ' ಎಂದಿತು. ಕೆಳಗೆ ಪೊದೆಗಳು ಅಲ್ಲಾಡಲಿಲ್ಲ. ಆ ಸದ್ದು ಯಾರದೆಂದು ಚುಕ್ಕವ್ವನ ಹೊರತು ಕಾಡಿನಲ್ಲಿ ಯಾರಿಗೂ ಗೊತ್ತೇ ಇರಲಿಲ್ಲವಲ್ಲ. ಬೆನ್ನು ಬಾಗತೊಡಗಿತು. ಆದರೂ ಸುತ್ತಿಕೊಳ್ಳದೆ ಇನ್ನೊಮ್ಮೆ ಒತ್ತಿದ.

ಬಹಳ ಕೆಳಗೆ, ದಾರಿಯ ತಿರುವಿನಲ್ಲಿ, ಕುತ್ತಿಗೆಗೆ ಸೋರೆಬುರುಡೆ ಕಟ್ಟಿಕೊಂಡು ಚುಕ್ಕವ್ವ ಒಬ್ಬಳೇ ಬರುತ್ತಿದ್ದಳು. ಅವಳ ನಡಿಗೆ ನಿಮಗೆ ಗೊತ್ತೇ ಇದೆ. ಹಳೆಯ ಲಾರಿಯಂತೂ ಇನ್ನು ಕೈಗೆ ಸಿಗುವ ಹಾಗಿರಲಿಲ್ಲ. ಸುರುಳಪ್ಪ ಪಕ್ಕದ ಸೀಟಿನ ಧೂಳು ಒರೆಸಿ, ಬಾಗಿಲು ತೆರೆದಿಟ್ಟು ಕಾದ.

ನೀತಿ: ಹೊಸದನ್ನು ಕೊಳ್ಳುವ ಮೊದಲು ನಿಮ್ಮ ದಾರಿಯಲ್ಲಿ ಓಡಿಸಿ ನೋಡಿ; ಕರೆಯುವ ಮೊದಲೇ ಜೊತೆಗೆ ಯಾರೂ ಬರುವುದಿಲ್ಲ ಎಂದು ತೀರ್ಮಾನಿಸಬೇಡಿ.