ಒಂದು ಕೊಕ್ಕಿನ ಎಡೆ

ಕೂತ್ಕೊಳ್ರಪ್ಪ, ಕೂತ್ಕೊಳ್ರವ್ವ. ಗೋಡೆ ಹತ್ತಿರ ಇರೋರು ಒಂಚೂರು ಸರಿದು ಹಿಂದಿನೋರಿಗೂ ಜಾಗ ಕೊಡಿ. ನಾನು ಹೇಳ್ತೀನಿ, ನೀವು ಹೂಂ ಅನ್ನಿ. ಹೂಂ ಅನ್ನೋರಿಲ್ಲದಿದ್ರೆ ನನಗೆ ಕತೆ ಮುಂದಕ್ಕೆ ಹೋಗಲ್ಲ.

ಒಂದಾನೊಂದು ಊರಲ್ಲಿ ಜವರಯ್ಯ ಅಂತ ಒಬ್ಬ ಇದ್ದನಂತೆ. ಹೊಲ ಇತ್ತು, ಎಮ್ಮೆ ಇತ್ತು, ನೆಲದೊಳಗಿನ ಹಗೇವಿನ ತುಂಬ ರಾಗಿ ಇತ್ತು. ಕೈ ಮಾತ್ರ ಬಿಗಿ. ಎಷ್ಟು ಬಿಗಿ ಅಂತೀರಾ? ಅಕ್ಕಿ ಕೇರೋವಾಗ ಮೊರದ ಕೆಳಗೆ ಪಂಚೆ ಹಾಸಬೇಕು, ಒಂದು ನುಚ್ಚೂ ನೆಲ ಸೇರಬಾರದು. ತಳ ಹತ್ತಿದ ಅನ್ನ ಕೆರೆದು ಒಣಗಿಸಿ ಸಂಡಿಗೆ ಮಾಡಬೇಕು. ಮಡಕೆ ತೊಳೆದ ನೀರು ಕಲಗಚ್ಚಿಗೆ, ಕಲಗಚ್ಚು ಎಮ್ಮೆಗೆ. ಇನ್ನು ಸಾರಿನ ಒಗ್ಗರಣೆ? ಅದು ಹಬ್ಬಕ್ಕೆ ಮಾತ್ರ. ಬಾಕಿ ದಿನ ಪಕ್ಕದ ಮನೇಲಿ ಚೊಂಯ್ ಅಂದ ತಕ್ಷಣ ಇವರು ತಟ್ಟೆ ಮುಂದೆ ಕೂರೋದು. ಆ ಮನೇಲಿ ಇರುವೆ ಕೂಡ ಬೇರೆ ಕಡೆ ಉಂಡು, ಇಲ್ಲಿ ಬಂದು ಮಲಗ್ತಿತ್ತಂತೆ.

ಅವನ ಹೆಂಡತಿ ದ್ಯಾವಮ್ಮ. ಹೆತ್ತವ್ವ ಸಣ್ಣತಾಯಮ್ಮ, ಮುದುಕಿ. ಅಪ್ಪ ಹೊಂಬಯ್ಯ ತೀರಿಕೊಂಡು ವರ್ಷ ತುಂಬಿತು, ಅವನಿಗೆ ಎಡೆ ಇಡೋ ದಿನ ಬಂತು. ಎಡೆ ಅಂದ್ರೆ ಗೊತ್ತಲ್ಲ, ಸತ್ತೋರಿಗೆ ಅಂತ ಎಲೆ ಮೇಲೆ ಬಡಿಸಿ ಮಾಳಿಗೆ ಮೇಲೆ ಇಡಬೇಕು. ಕಾಗೆ ಬಂದು ಮುಟ್ಟಬೇಕು. ಮುಟ್ಟಿದ ಮೇಲೇ ಮನೆಯೋರ ಊಟ. ಮುಟ್ಟದೆ ಹೋದ್ರೆ ಆ ಜೀವ ಹಸಿದು ತಿರುಗಿತು ಅಂತ ಅರ್ಥ.

ಜವರಯ್ಯ ಯೋಚನೆ ಮಾಡಿದನಂತೆ. "ಬರೋದು ಒಂದು ಕಾಗೆ. ಅದಕ್ಕೆಷ್ಟು ಹೊಟ್ಟೆ? ಒಂದು ಕೊಕ್ಕಿನಷ್ಟು ಇಟ್ರೆ ಸಾಕು."

ದ್ಯಾವಮ್ಮ, "ನಿಮ್ಮಪ್ಪ ಒಂದು ಹೊತ್ತಿಗೆ ಮೂರು ಮುದ್ದೆ ಉಣ್ಣೋರು," ಅಂದಳು.

"ಆಗ ಅಪ್ಪ ಮನುಷ್ಯ ಕಣೇ. ಈಗ ಕಾಗೆ."

ಒಂದು ಮುತ್ತುಗದ ಎಲೆ. ಅದರ ಮೇಲೆ ಗೋಲಿಯಷ್ಟು ಮುದ್ದೆ, ಹುಣಸೆಬೀಜದಷ್ಟು ವಡೆ, ಬೆರಳಲ್ಲಿ ಸವರಿದಷ್ಟು ಪಾಯಸ. ಮಾಳಿಗೆ ಮೇಲಿಟ್ಟು ಕಾ ಕಾ ಅಂತ ಕರೆದ. ಹಿತ್ತಲ ಹೊಂಗೆ ಮರದಿಂದ ಒಂದು ಮುದಿ ಕಾಗೆ ಹಾರಿ ಬಂತು, ಎಲೆ ನೋಡಿತು, ಹಾಗೇ ತಿರುಗಿ ಹೋಯಿತು. ಹೊತ್ತು ಮುಳುಗಿತು. ಎಡೆ ಹಾಗೇ ಇತ್ತು.

"ಅವರು ಹಸ್ಕೊಂಡು ಹೋಗಿರೋವಾಗ ನನ್ನ ಗಂಟಲಲ್ಲಿ ತುತ್ತು ಇಳೀತದಾ?" ಅಂತ ಸಣ್ಣತಾಯಮ್ಮ ಒಂದು ಗುಟುಕು ನೀರು ಕುಡಿದು ಮಲಗಿದಳು. ಜವರಯ್ಯನಿಗೆ ಆ ದಿನ ಅಷ್ಟೇನೂ ಬೇಜಾರಾಗಲಿಲ್ಲವಂತೆ. ಮೂರು ಜನದ ಊಟ ಉಳೀತಲ್ಲ.

ಎರಡನೇ ದಿನ ಮತ್ತೆ ಅಷ್ಟೇ ಎಡೆ, ಅದೇ ಎಲೆ ತೊಳೆದು. ಕಾಗೆ ಬರದಿದ್ರೆ ಸತ್ತೋರ ಆಸೆ ಏನೋ ಉಳಿದಿದೆ ಅಂತಾರೆ. ಅದಕ್ಕೆ ಇವನು ಕೈಮುಗಿದು ನಿಂತು, "ಅಪ್ಪ, ಹೊಸ ಪಂಚೆ ಮೇಲೆ ಆಸೆ ಇತ್ತಾ? ತರ್ತೀನಿ. ದಂಡ ಆಗಬಾರದು, ನಾನೇ ಉಟ್ಕೋತೀನಿ," ಅಂದ. ಕಾಗೆ ಕೊಂಬೆ ಮೇಲೆ ಬೆನ್ನು ತಿರುಗಿಸಿ ಕೂತಿತು.

ಸಂಜೆಗೆ ಮುದುಕಿ ಏಳಲಾರದೆ ಹೋದಳು. ಜವರಯ್ಯ ಒಂದು ಉಪಾಯ ಮಾಡಿದ. ಬಿದ್ದಿದ್ದ ಕಾಗೆ ಪುಕ್ಕ ತಂದು ಎಡೆಗೆ ಮುಟ್ಟಿಸಿ, ಗೋಡೆ ಹಿಂದೆ ನಿಂತು ಕಾ ಅಂತ ಕೂಗಿ, ಒಳಗೆ ಓಡಿ ಬಂದ.

"ಅವ್ವ, ಮುಟ್ಟಿತು. ಏಳು, ಉಣ್ಣು."

"ಆ ಕಾಗೆ ಹೆತ್ತೋಳು ನಾನೇ ಕಣೋ," ಅಂತ ಸಣ್ಣತಾಯಮ್ಮ ಗೋಡೆ ಕಡೆ ತಿರುಗಿಕೊಂಡಳು.

ಮೂರನೇ ದಿನ ಬೆಳಗಾಯಿತು. ಮುದುಕಿ ತುಟಿ ಒಣಗಿತ್ತು, ಮಾತು ಕೇಳಿಸದಷ್ಟು ಸಣ್ಣಗಾಗಿತ್ತು. ದ್ಯಾವಮ್ಮ ಕಣ್ಣೊರೆಸಿಕೊಂಡು, "ನೋಡ್ತಾ ಇರಿ, ಮುಂದಿನ ವರ್ಷಕ್ಕೆ ಎರಡು ಎಲೆ ಇಡಬೇಕಾಗ್ತದೆ," ಅಂದಳಂತೆ. ಆ ಮಾತು ಅವನ ಎದೆಗೆ ನಾಟಿತು. ಹೊಂಗೆ ಮರದ ಕೆಳಗೆ ಹೋಗಿ ಕತ್ತೆತ್ತಿ ನಿಂತ.

"ಕಾಗಣ್ಣ, ಏನು ತಪ್ಪಾಯ್ತು? ಯಾಕೆ ಮುಟ್ಟಲ್ಲ?"

ಕಾಗೆ ಕೇಳಿತಂತೆ. "ಗೌಡ, ನಿನ್ನ ಎಲೇಲಿ ಎಷ್ಟಿದೆ?"

"ಒಂದು ಕೊಕ್ಕಿಗಾಗೋಷ್ಟು. ನಿನಗೆ ಸಾಲಲ್ವಾ?"

"ನನಗೆ ಸಾಕು. ಆದರೆ ನಮ್ಮಲ್ಲಿ ಒಬ್ಬರೇ ಉಣ್ಣೋ ರೂಢಿ ಇಲ್ಲ. ಉಣ್ಣೋ ಮುಂಚೆ ಬಳಗ ಕರೀಬೇಕು. ನಾನು ಕೂಗಿದ್ರೆ ಹೆಂಡತಿ, ಮಕ್ಕಳು, ಭಾವಮೈದ, ಬೀಗರು, ಎಲ್ಲ ಸೇರಿ ನಲವತ್ತು ಜನ ಬರ್ತಾರೆ. ಬಂದು ನೋಡಿದ್ರೆ ಹುಣಸೆಬೀಜದಷ್ಟು ವಡೆ. ಬೀಗರ ಮುಂದೆ ನನ್ನ ಮಾನ ಉಳೀತದಾ?"

"ಕೂಗಬೇಡ. ಸುಮ್ನೆ ಬಂದು ತಿಂದು ಹೋಗು, ನಾನೂ ಯಾರಿಗೂ ಹೇಳಲ್ಲ."

"ಬಚ್ಚಿಟ್ಕೊಂಡು ಉಣ್ಣೋದು ಮನುಷ್ಯರಲ್ಲಿ ನಡೀತದೆ ಗೌಡ, ನಮ್ಮಲ್ಲಿ ನಡೆಯಲ್ಲ."

ಜವರಯ್ಯ ತಲೆ ಕೆರೆದುಕೊಂಡ. "ನಲವತ್ತೇನಾ? ಸರಿಯಾಗಿ ಹೇಳು. ಮೂವತ್ತೆಂಟು ಬಂದ್ರೆ ಎರಡು ತುತ್ತು ದಂಡ."

ಅಷ್ಟರಲ್ಲಿ ಒಳಗಿಂದ ದ್ಯಾವಮ್ಮ ಕೂಗಿದಳು. "ಬೇಗ ಬನ್ನಿ. ಅತ್ತೆ ಎಷ್ಟು ಕರೆದ್ರೂ ಕಣ್ಣು ಬಿಡ್ತಿಲ್ಲ."

ಅವನು ಬಿದ್ದಂಬೀಳ ಓಡಿದ. ಅವ್ವನ ಕಾಲು ಮುಟ್ಟಿದ, ತಣ್ಣಗಿತ್ತು. ಸೊಂಟದಲ್ಲಿದ್ದ ಉಗ್ರಾಣದ ಬೀಗದಕೈ ಕಿತ್ತು ಹೆಂಡತಿ ಕೈಗಿಟ್ಟ.

"ಅಕ್ಕಿ ತೆಗಿ. ಬೇಯ್ಸು."

ದ್ಯಾವಮ್ಮ ಅಭ್ಯಾಸದಂತೆ ಪಾವು ಹಿಡಿದು, "ಎಷ್ಟು ಅಳೀಲಿ?" ಅಂದಳು.

"ಅಳೀಬೇಡ."

ಹುಟ್ಟಿದ ಮೇಲೆ ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲಂತೆ. ಎರಡೂ ಒಲೆ ಹೊತ್ತಿಸಿದರು. ಒಂದರಲ್ಲಿ ಅನ್ನ, ಒಂದರಲ್ಲಿ ಅವರೆಕಾಳಿನ ಸಾರು, ಅದಕ್ಕೆ ಒಗ್ಗರಣೆ. ಪಕ್ಕದ ಮನೆಯೋರು ಹೊರಗೆ ಬಂದು ಮೂಗು ಎಳೆದು ನೋಡಿದರು. ಅನ್ನ ಬೇಯೋವರೆಗೂ ಜವರಯ್ಯ ಬಟ್ಟೆ ಅದ್ದಿ ಅವ್ವನ ತುಟಿಗೆ ನೀರು ಹಿಂಡ್ತಾ ಕೂತಿದ್ದ. ಬೆಂದ ಮೇಲೆ ಮಡಕೇನೇ ಮಾಳಿಗೆಗೆ ಹೊತ್ತ. ಎಲೆಗೂ ಕಾಯಲಿಲ್ಲ. ಕೈತುಂಬ ಬಾಚಿ ಬಾಚಿ ಎರಚಿದ. ಬೆರಳು ಸುಟ್ಟರೂ ಬಿಡಲಿಲ್ಲ.

ಮುದಿ ಕಾಗೆ ಬಂದು ಇಳಿಯಿತು. ಒಂದು ಅಗುಳೂ ಮುಟ್ಟಲಿಲ್ಲ. ಕುತ್ತಿಗೆ ಚಾಚಿ ಕೂಗಿತು. ಒಂದು ಬಂತು, ಎರಡು ಬಂತು, ನಾಲ್ಕು ಬಂತು, ಮಾಳಿಗೆ ಕಪ್ಪಾಯಿತು. ಆ ಗದ್ದಲಕ್ಕೆ ಊರ ನಾಯಿಗಳೆಲ್ಲ ಬೊಗಳಿದವಂತೆ.

ಜವರಯ್ಯ ಇಳಿದು ಒಳಗೆ ಬರೋ ಹೊತ್ತಿಗೆ ಸಣ್ಣತಾಯಮ್ಮ ಮೆಲ್ಲಗೆ ಕಣ್ಣು ಬಿಟ್ಟಳು. "ಬಂದ್ರಾ?"

"ಬಂದ್ರು ಅವ್ವ. ಉಣ್ತಾವ್ರೆ. ಬಳಗ ಕರ್ಕೊಂಡು ಬಂದವ್ರೆ."

"ಅವರಿಗೆ ಒಬ್ಬರೇ ಉಣ್ಣೋಕೆ ಯಾವತ್ತೂ ಆಗ್ತಿರಲಿಲ್ಲ. ಸರಿ, ನನಗೂ ಒಂಚೂರು ಕಲಸು ಮಗ, ಮೆತ್ತಗೆ."

ಮೊದಲು ಗಂಜಿ ಕುಡಿದಳು, ಆಮೇಲೆ ಒಂದು ತುತ್ತು, ಆಮೇಲೆ ಇನ್ನೊಂದು. ಎರಡನೇ ತುತ್ತಿಗೆ "ಉಪ್ಪು ಕಮ್ಮಿ" ಅಂದಳು. ಆ ಮಾತು ಕೇಳಿ ಜವರಯ್ಯ ಹೊರಗೆ ಹೋಗಿ, ಮೆಟ್ಟಿಲ ಮೇಲೆ ಕೂತು, ಮಕ್ಕಳ ಹಾಗೆ ಅತ್ತನಂತೆ. ದ್ಯಾವಮ್ಮ ಅವನಿಗೂ ಅಲ್ಲೇ ಬಡಿಸಿದಳು. ಮೂರು ದಿನದ ಹಸಿವು, ಮೂರು ಸಲ ಹಾಕಿಸಿಕೊಂಡ.

ಆಮೇಲೆ? ಸಣ್ಣತಾಯಮ್ಮ ಇನ್ನೂ ಏಳು ವರ್ಷ ಗಟ್ಟಿಯಾಗಿ ಬದುಕಿ, ದಿನಾ ಸೊಸೆ ಸಾರಲ್ಲಿ ಒಂದೊಂದು ಕೊರೆ ಹುಡುಕಿದಳು. ದ್ಯಾವಮ್ಮ ಆ ಬೀಗದಕೈ ವಾಪಸ್ ಕೊಡಲೇ ಇಲ್ಲ, ಅವನೂ ಕೇಳಲಿಲ್ಲ. ಜವರಯ್ಯ ದಾನಶೂರ ಏನೂ ಆಗಲಿಲ್ಲ, ಹುಟ್ಟುಗುಣ ಅಲ್ವಾ. ಆದರೆ ಬಾಗಿಲಿಗೆ ಬಂದೋರನ್ನ "ಒಳಗೆ ಬನ್ನಿ, ಜೊತೇಲಿ ಇನ್ನೂ ಯಾರಾದ್ರೂ ಇದ್ದಾರಾ?" ಅಂತ ಕೇಳೋದು ಕಲಿತ. ಮುದಿ ಕಾಗೆ ಅದೇ ಹೊಂಗೆ ಮರದಲ್ಲಿ ಮೊಮ್ಮಕ್ಕಳ ಕಂಡಿತು. ಹೊಂಬಯ್ಯ ಹೊಟ್ಟೆ ತುಂಬಿ ತೇಗಿ, ತನ್ನ ದಾರಿ ಹಿಡಿದು ಹೋದ.

ಅವರುಂಡ ಎಲೆ ಅವರೆತ್ತಿದರು, ನನ್ನ ಕತೆಯ ಎಲೆ ನಾನೆತ್ತಿದೆ.